ಹೂ ಮುಡಿದ ಕಂಪ್ಯೂಟರ್

ಯಂತ್ರ ಕೆಟ್ಟಾಗ ಜನ ಎರಡು ಥರ ನಡೆದುಕೊಳ್ಳುತ್ತಾರೆ. ಕೆಲವರು ಬಡಿಯುತ್ತಾರೆ, ಕೆಲವರು ಕೈಮುಗಿಯುತ್ತಾರೆ. ನಮ್ಮ ಯಜಮಾನರು ಬಡಿಯುವ ಪಂಗಡ. ಟಿವಿ ರಿಮೋಟಿನಿಂದ ಹಿಡಿದು ಗ್ರೈಂಡರಿನವರೆಗೆ ಅವರ ಕೈಯಲ್ಲಿ ಏಟು ತಿನ್ನದ ಪದಾರ್ಥ ನಮ್ಮ ಮನೆಯಲ್ಲಿಲ್ಲ, ಮತ್ತು ಆ ಏಟಿಗೆ ಹೆದರಿ ಎಷ್ಟೋ ಪದಾರ್ಥಗಳು ಸರಿಹೋಗಿರುವುದೂ ನಿಜ. ನಾನು ಕೈಮುಗಿಯುವ ಪಂಗಡ. ಮಿಕ್ಸಿಗೆ ಅಪ್ಪಿತಪ್ಪಿ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇನೆ. ಬೆಳಿಗ್ಗೆ ಗ್ಯಾಸ್ ಒಲೆಗೆ ಮೊದಲು ಕುಂಕುಮ, ಆಮೇಲೆ ಬೆಂಕಿ. ಹೊಲಿಗೆ ಯಂತ್ರ ಕೊಂಡ ಹೊಸದರಲ್ಲಿ ಮನೆಗೆ ಹೊಸಬರು ಬಂದಿದ್ದಾರೆ, ಆರತಿ ಎತ್ತಬೇಕು ಎಂದು ಬೀದಿಯ ಹೆಂಗಸರನ್ನೆಲ್ಲ ಅರಿಶಿನ ಕುಂಕುಮಕ್ಕೆ ಕರೆದಿದ್ದೆ. ಬಂದವರು ಮಗುವಿನ ಸ್ವೆಟರು, ಕುಲಾವಿ ಹಿಡಿದುಕೊಂಡು ಬಂದು ತೊಟ್ಟಿಲು ಎಲ್ಲಿ ಎಂದು ಹುಡುಕಿದರು. ಆ ಕುಲಾವಿ ಇವತ್ತಿಗೂ ಹೊಲಿಗೆ ಯಂತ್ರದ ಮೇಲಿದೆ, ಧೂಳು ಕೂರದಂತೆ.

ಇಂಥ ನನ್ನ ಕೈಗೆ ಒಂದು ಕಂಪ್ಯೂಟರ್ ಸಿಕ್ಕರೆ ಏನಾಗಬೇಕೋ ಅದೇ ಆಯಿತು. ಕನಕಪುರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ತಿಥಿ ಕಾರ್ಡು, ಊರೂರಿನ ನಾಟಕದ ಪೋಸ್ಟರು, ಎಲ್ಲವನ್ನೂ ಇಲ್ಲಿ ಡಿಸೈನ್ ಮಾಡಿ ಪ್ರಿಂಟಿಗೆ ಕಳಿಸುತ್ತೇನೆ. ನನ್ನ ಆಯುಷ್ಯದಲ್ಲಿ ಈ ಕಂಪ್ಯೂಟರಿನಷ್ಟು ತಾಳ್ಮೆಯ ಜೀವವನ್ನು ನಾನು ಕಂಡಿಲ್ಲ. ಮದುವೆ ಕಾರ್ಡಿನ ಕೊನೆಯಲ್ಲಿ ಸುಖಾಗಮನ ಬಯಸುವವರು ಎಂದು ನೆಂಟರ ಹೆಸರು ಹಾಕುತ್ತಾರಲ್ಲ, ಅಲ್ಲಿ ದೊಡ್ಡಪ್ಪನ ಹೆಸರು ಮೇಲೆ ಬರಬೇಕೋ ಸೋದರಮಾವನ ಹೆಸರು ಮೇಲೆ ಬರಬೇಕೋ ಎಂದು ಗಂಡಿನ ಕಡೆಯವರು ನನ್ನ ಅಂಗಡಿಯಲ್ಲೇ ಜಗಳ ಹೂಡುತ್ತಾರೆ. ಮಾವನನ್ನು ಮೇಲೆ ಹಾಕು, ಕೆಳಗೆ ಹಾಕು, ತೆಗಿ, ಮತ್ತೆ ಹಾಕು. ನನಗೆ ಕೀಬೋರ್ಡು ಎತ್ತಿ ಮಾವನ ತಲೆಗೇ ಹಾಕೋಣ ಅನ್ನಿಸುತ್ತಿರುತ್ತದೆ. ಕಂಪ್ಯೂಟರ್ ಮಾತ್ರ ಒಂದು ನಿಟ್ಟುಸಿರೂ ಬಿಡದೆ ಮಾವನನ್ನು ಹತ್ತಿಸುತ್ತದೆ, ಇಳಿಸುತ್ತದೆ. ಅದರ ಮುಂದೆ ನಾನು ತಲೆಬಾಗಿದ್ದು ತಪ್ಪಾ, ನೀವೇ ಹೇಳಿ.

ಆದ್ದರಿಂದ ಪ್ರತಿ ಶುಕ್ರವಾರ ಅದಕ್ಕೆ ಪೂಜೆ. ಕಂಪ್ಯೂಟರ್ ಎಂದರೆ ಪರದೆಯಲ್ಲ, ಅದರ ಪಕ್ಕ ನಿಂತಿರುವ ಕಪ್ಪು ಡಬ್ಬಿಯೇ ಅದರ ಜೀವ ಎಂದು ನನಗೆ ಗೊತ್ತಿತ್ತು. ಹಾಗಾಗಿ ಪೂಜೆಯೆಲ್ಲ ಡಬ್ಬಿಗೆ. ಅರಿಶಿನ, ಕುಂಕುಮ, ಊದುಬತ್ತಿ, ಪಕ್ಕದಲ್ಲೊಂದು ತುಪ್ಪದ ದೀಪ. ನೆತ್ತಿಯ ಮೇಲೆ ಒಂದು ಹಸಿರು ಬ್ಲೌಸ್ ಪೀಸು. ಡಬ್ಬಿಯ ಮುಂಭಾಗದಲ್ಲಿ ಸಾಲುಸಾಲಾಗಿ ಸಣ್ಣ ತೂತುಗಳಿದ್ದವು. ಮಾಡಿದವರು ಎಷ್ಟು ಯೋಚನೆ ಮಾಡಿ ಮಾಡಿದ್ದಾರೆ ನೋಡಿ, ಹೂ ಸಿಗಿಸುವುದಕ್ಕೆ ಎಷ್ಟು ಅನುಕೂಲ ಎಂದು ಮೆಚ್ಚಿಕೊಂಡು, ಒಂದೊಂದು ತೂತಿಗೂ ಒಂದೊಂದು ಸೇವಂತಿಗೆಯ ತೊಟ್ಟು ಸಿಗಿಸುತ್ತಿದ್ದೆ. ಮೇಲಿಂದ ಒಂದು ಚೆಂಡುಹೂವಿನ ಹಾರ. ಆಶ್ಚರ್ಯವೆಂದರೆ, ಕಂಪ್ಯೂಟರ್ ಆನ್ ಮಾಡಿದಾಗ ಹಾರದ ಎಸಳುಗಳು ಮೆಲ್ಲಗೆ ಅಲುಗಿ ಒಂದೊಂದಾಗಿ ಒಳಗೆ ಹೋಗುತ್ತಿದ್ದವು. ದೇವರ ಬಲಗಡೆಯಿಂದ ಹೂ ಬಿದ್ದರೇ ನಾವು ಪ್ರಸಾದವಾಯಿತೆಂದು ಕೈಮುಗಿಯುತ್ತೇವೆ. ಇಲ್ಲಿ ನನ್ನ ಹೂವನ್ನು ಕಣ್ಣೆದುರೇ ಒಳಗೆ ತೆಗೆದುಕೊಳ್ಳುತ್ತಿದೆ! ನನಗೆ ರೋಮಾಂಚನವಾಯಿತು.

ಹೀಗಿರುವಾಗ ಒಂದು ಸೋಮವಾರ ಬೆಳಿಗ್ಗೆ ಅಂಗಡಿಗೆ ಕೆಂಪಣ್ಣ ಬಂದರು. ಉಯ್ಯಂಬಳ್ಳಿಯವರು, ಅರವತ್ತರ ಆಸುಪಾಸು, ಕುರಿ ಸಾಕಿಕೊಂಡಿರುವವರು. ಹೆಗಲ ಮೇಲೆ ಟವಲು, ಕೈಯಲ್ಲಿ ಒಂದು ಪೆನ್ ಡ್ರೈವು. ಅದನ್ನು ಕರವಸ್ತ್ರದಲ್ಲಿ ಸುತ್ತಿ, ಕರವಸ್ತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದಿದ್ದರು.

"ನಮ್ಮೂರಲ್ಲಿ ಶನಿವಾರ ನಾಟ್ಕ ಐತೆ ಕಣವ್ವ. ಪೋಸ್ಟ್ರು ಮಾಡ್ಕೊಡ್ಬೇಕು. ಎಲ್ರ ಫೋಟೋನೂ ಇದ್ರೊಳ್ಗೆ ಐತೆ. ನಡೂ ಮಧ್ಯ ದೊಡ್ದಾಗಿ ಬರ್ಬೇಕಾದ್ದು ನಂದು. ಈ ಸಲ ರಾಜಪಾರ್ಟು ನಂದೇಯ" ಎಂದರು. ಹೇಳುವಾಗ ಅವರ ಮುಖವೆಲ್ಲ ನಾಚಿಕೊಂಡಿತು.

ನಮ್ಮ ಕಡೆ ಊರ ನಾಟಕ ಎಂದರೆ ಏನೆಂದು ನಿಮಗೆ ಹೇಳಬೇಕಾಗಿಲ್ಲ. ನಾಟಕ ಒಂದು ದಿನದ್ದು, ಪೋಸ್ಟರು ವರ್ಷಪೂರ್ತಿಯದು. ಪಾತ್ರಧಾರಿಗಳ ಫೋಟೋ, ಹೆಸರು, ಪಾತ್ರ ಎಲ್ಲವೂ ಅದರಲ್ಲಿರಬೇಕು. ಆದರೆ ದ್ವಾರಪಾಲಕನ ಫೋಟೋವನ್ನು ಯಾರೂ ಹಾಕುವುದಿಲ್ಲ. ಕೆಂಪಣ್ಣ ಮೀಸೆ ಮೂಡಿದಾಗಿನಿಂದ ದ್ವಾರಪಾಲಕ. "ಅಪ್ಪಣೆ ಮಹಾಪ್ರಭು" ಎನ್ನುವುದು ಅವರ ಒಂದೇ ಮಾತು. ರಾಜಪಾರ್ಟು ನಿಂಗೇಗೌಡರ ಆಸ್ತಿಯಾಗಿತ್ತು. ಹೋದ ಸಲದ ನಾಟಕದಲ್ಲಿ ನಿಂಗೇಗೌಡರು ಸಿಂಹಾಸನದ ಮೇಲೆ ಕೂತವರು ಮಂಡಿನೋವಿನಿಂದ ಏಳಲಾರದೆ, ಯುದ್ಧವನ್ನೂ ಕೂತೇ ಮಾಡಿ ಮುಗಿಸಿದರಂತೆ. ಆಮೇಲೆ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರು ಊರವರನ್ನೆಲ್ಲ ಸೇರಿಸಿ, ಬಾಗಿಲಲ್ಲಿ ನಿಂತು ನಿಂತು ರಾಜನ ಮಾತನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದ ಕೆಂಪಣ್ಣನಿಗೆ ಕಿರೀಟ ಕೊಡಿಸಿದರು. ಕೆಂಪಣ್ಣ ಕನಕಪುರದ ಸ್ಟುಡಿಯೋದಲ್ಲಿ ವೇಷ ಹಾಕಿ, ಕತ್ತಿ ಎತ್ತಿ, ಒಳ್ಳೆ ದೊಡ್ಡ ಫೋಟೋ ತೆಗೆಸಿಕೊಂಡಿದ್ದರು. ಉಳಿದವರದೆಲ್ಲ ಮೊಬೈಲಿನ ಫೋಟೋ.

ನಾನು ಹೆಸರುಗಳನ್ನೆಲ್ಲ ಟೈಪ್ ಮಾಡಿದೆ. ಮಂತ್ರಿ, ಸೇನಾಪತಿ, ವಿದೂಷಕ ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ಸುಖವಾಗಿ ಕೂತರು. ಕೊನೆಗೆ ಮಹಾರಾಜರ ಫೋಟೋ ತೆಗೆದು, ಹಿಂದಿನ ಪರದೆ ಕತ್ತರಿಸಿ, ತಲೆಯ ಸುತ್ತ ಬೆಳಕು ಹಾಕಿ ದೊಡ್ಡದು ಮಾಡುತ್ತಿದ್ದೆ. ಕೆಂಪಣ್ಣ ಕುರ್ಚಿಯ ತುದಿಗೆ ಬಂದು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಟಪ್ ಎಂದು ಪರದೆ ಕಪ್ಪಾಯಿತು. ಡಬ್ಬಿ ಒಂದು ಸಲ ಸುಮ್ಮನಾಗಿ, ಮತ್ತೆ ತಾನೇ ಗುಂಯ್ ಎಂದು ಶುರುವಾಯಿತು. ಕರೆಂಟು ಹೋಗಿರಲಿಲ್ಲ, ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು. ಮತ್ತೆ ತೆಗೆದೆ, ಮತ್ತೆ ಮಾಡಿದೆ. ಮಂತ್ರಿ ಬಂದ, ಸೇನಾಪತಿ ಬಂದ. ಮಹಾರಾಜರು ಬರುವ ಹೊತ್ತಿಗೆ ಮತ್ತೆ ಟಪ್.

"ಏನ್ ಕಣವ್ವ, ನನ್ ಮಖ ಕಂಡ್ರೆ ಆಗಲ್ವಾ ಇದ್ಕೆ?" ಎಂದರು ಕೆಂಪಣ್ಣ.

"ಅಯ್ಯೋ, ಹಂಗೇನಿಲ್ಲ ಕೆಂಪಣ್ಣ. ಒಸಿ ಸುಧಾರಿಸಿಕೊಳ್ತಾ ಐತೆ, ಅಷ್ಟೇ" ಎಂದು ಅವರನ್ನು ಸಮಾಧಾನ ಮಾಡಿ, ಅವರು ಟೀ ಕುಡಿಯಲು ಹೋದಾಗ ನನ್ನ ತಮ್ಮ ಮಂಜುವಿಗೆ ಫೋನ್ ಹಚ್ಚಿದೆ. ಅವನು ಬಿಡದಿಯ ಒಂದು ಕಾರ್ಖಾನೆಯಲ್ಲಿ ಯಂತ್ರಗಳ ದುರಸ್ತಿ ವಿಭಾಗದಲ್ಲಿದ್ದಾನೆ. ಅಕ್ಕನ ಫೋನ್ ಎಂದರೆ ಅವನಿಗೆ ಮೊದಲೇ ಭಯ. ಯುಪಿಎಸ್ ಕೈಕೊಟ್ಟಿರಬಹುದು, ಅದನ್ನು ಬಿಟ್ಟು ಸೀದಾ ಗೋಡೆಯ ಪ್ಲಗ್ಗಿಗೆ ಹಾಕಿ ನೋಡು ಎಂದ. ಹಾಕಿದೆ. ಟಪ್. ವೈರಸ್ ಇರಬಹುದು, ಒಂದು ಸಲ ಪೂರ್ತಿ ಸ್ಕ್ಯಾನ್ ಮಾಡು ಎಂದ. ಮಾಡುತ್ತಿರುವಾಗಲೇ ಟಪ್. ವೈರು ಸಡಿಲವಿದ್ದರೆ ಗಟ್ಟಿಯಾಗಿ ಒತ್ತು ಎಂದ. ಒತ್ತಿದೆ. ಒಂದು ಸಲಕ್ಕೆ ಒಂದೇ ಬದಲಾಯಿಸು ಅಕ್ಕ, ಎಲ್ಲ ಒಟ್ಟಿಗೆ ಮಾಡಿದ್ರೆ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ ಎಂದೂ ಹೇಳಿದ. ಸರಿಹೋದರೆ ತಾನೇ ಆ ಸಮಸ್ಯೆ ಎಂದು ಫೋನ್ ಇಟ್ಟೆ.

ಅವನಿಗೆ ಹೇಳದೆ ನಾನು ಇನ್ನೊಂದನ್ನೂ ಬದಲಾಯಿಸಿದ್ದೆ. ಶುಕ್ರವಾರದ ಪೂಜೆಯನ್ನು ದಿನವಹಿ ಮಾಡಿದ್ದೆ. ಪಾಪ, ಅಷ್ಟು ವರ್ಷ ದುಡಿದ ಜೀವ ಏನೋ ಕೊರತೆಯಿಂದ ಮುನಿಸಿಕೊಂಡಿದೆ, ನನ್ನ ಕಡೆಯಿಂದ ಏನು ಲೋಪವೋ ಎಂದು ಮನಸ್ಸಿಗೆ ಬಂದಿತ್ತು. ಮಂಗಳವಾರ ಎರಡು ಹಾರ ಹಾಕಿದೆ, ಆವತ್ತು ಅದು ಸೇನಾಪತಿಗೇ ಆಫ್ ಆಯಿತು. ಬುಧವಾರ ಊದುಬತ್ತಿ ಸಾಲದು ಎಂದು ಸಾಂಬ್ರಾಣಿ ಹೊಗೆ ಹಾಕಿದೆ, ಮಂತ್ರಿಯವರೆಗೂ ಹೋಗಲಿಲ್ಲ. ಅದು ಹೆಚ್ಚು ಮುನಿಸಿಕೊಂಡಷ್ಟೂ ನಾನು ಹೆಚ್ಚು ಹೂ ತಂದೆ. ಬೀದಿಯ ಕೊನೆಯ ಹೂವಿನವಳು "ಮನೇಲಿ ಏನಕ್ಕ ವಿಶೇಷ?" ಎಂದು ಕೇಳಿಯೇ ಬಿಟ್ಟಳು. ನಮ್ಮ ಯಜಮಾನರು ಒಮ್ಮೆ ಅಂಗಡಿಗೆ ಬಂದು ಡಬ್ಬಿಯ ಅವತಾರ ನೋಡಿ, "ಬಿಡು, ಒಂದೇ ಒಂದು ಕೊಡ್ತೀನಿ" ಎಂದು ಅಂಗಿಯ ತೋಳು ಮಡಿಸಿದರು. ನಾನು ಅಡ್ಡ ನಿಂತು ಅದನ್ನು ಕಾಪಾಡಿದೆ.

ಈ ಮೂರೂ ದಿನ ಕೆಂಪಣ್ಣ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋದರು. ಬೇರೆ ಯಾರಾದರೂ ಆಗಿದ್ದರೆ ನನಗೆ ಎರಡು ಬೈದು ಪಕ್ಕದ ಅಂಗಡಿಗೆ ಹೋಗುತ್ತಿದ್ದರು. ಈ ಮನುಷ್ಯ ಕಂಪ್ಯೂಟರ್ ಆಫ್ ಆದಾಗಲೆಲ್ಲ ಎದ್ದು ನಿಂತು, ಟವಲನ್ನು ಹೆಗಲ ಮೇಲೆ ಸರಿಮಾಡಿಕೊಂಡು, "ಅದು ಎದ್ದೇಳೋಗಂಟ ನಾನೊಂದ್ ಮಾತು ಹೇಳ್ಕೊಬುಡ್ತೀನಿ ಕಣವ್ವ" ಎಂದು ರಾಜನ ಮಾತು ಶುರುಮಾಡುತ್ತಿದ್ದರು. ಆಹಾ, ಎಂಥ ಕಂಠ! ಸಾತನೂರು ಬಸ್ಸಿಗೆ ಕಾಯುತ್ತಿದ್ದವರು ಬಸ್ಸು ಬಿಟ್ಟು ನನ್ನ ಅಂಗಡಿಯ ಮುಂದೆ ನಿಂತರು. ಬಡ ಮೈಯ ಆ ಮನುಷ್ಯ ಎದೆ ಎತ್ತಿ "ಯಾರಲ್ಲಿ!" ಎಂದರೆ ನಾನೇ ಒಂದು ಸಲ ಎದ್ದು ನಿಂತುಬಿಟ್ಟೆ. ಎಲ್ಲಿ ಕಲಿತಿರಿ ಇದನ್ನೆಲ್ಲ ಎಂದು ಕೇಳಿದರೆ, "ಕುರಿ ಮುಂದೆ ಹೇಳ್ತಿದ್ದೆ ಕಣವ್ವ. ಅವಕ್ಕೂ ಬಾಯಿಪಾಠ ಆಗೋಗೈತೆ. ಆದ್ರೆ ಚಪ್ಪಾಳೆ ಹೊಡೆಯಕಿಲ್ಲ" ಎಂದು ನಕ್ಕರು. ಜೀವಮಾನವೆಲ್ಲ ಬಾಗಿಲಲ್ಲಿ ನಿಂತು ಇನ್ನೊಬ್ಬರ ಮಾತನ್ನು ಹೊಟ್ಟೆಕಿಚ್ಚಿಲ್ಲದೆ ಕಲಿತ ಈ ಜೀವದ ಮುಂದೆ ನನ್ನ ಕಂಪ್ಯೂಟರಿನ ತಾಳ್ಮೆ ಏನೇನೂ ಅಲ್ಲ ಅನ್ನಿಸಿತು.

ಬುಧವಾರ ಸಂಜೆ ಅವರಿಗೊಂದು ಫೋನ್ ಬಂತು. ಮಾತಾಡಿ ಮುಗಿಸಿ ಕುರ್ಚಿಯ ತುದಿಯಿಂದ ಹಿಂದಕ್ಕೆ ಸರಿದು ಕೂತರು. ಏನೆಂದು ಕೇಳಿದೆ.

"ಮೇಷ್ಟ್ರು ಕಣವ್ವ. ನಾಳೆ ಸಂಜೆ ಒಳ್ಗೆ ಪೋಸ್ಟ್ರು ಬರ್ದೇ ಇದ್ರೆ ಹೋದ್ ಸಲದ್ದೇ ಕಟ್ಬುಡ್ತಾರಂತೆ. ನಿಂಗೇಗೌಡ್ನ ಫೋಟೋ ಹಂಗೇ ಇಟ್ಟು, ಕೆಳಗಡೆ ನನ್ ಹೆಸ್ರು ಅಂಟಿಸ್ತಾರಂತೆ."

ಕೆಂಪಣ್ಣ ಟವಲಿನಿಂದ ಮುಖ ಒರೆಸಿಕೊಂಡು, "ಹೋಗ್ಲಿ ಬುಡವ್ವ. ನನ್ ಫೋಟೋ ಹಾಕೋಕೆ ಹೋದಾಗ್ಲೇ ಅಲ್ವಾ ಇದು ಕೆಡ್ತಾ ಇರೋದು? ನನ್ ಫೋಟೋ ಬುಟ್ಬುಡಿ. ಬಾಕಿಯೋರ್ದು ಹಾಕ್ಬುಡಿ, ಅವ್ರೂ ಆಸೆ ಇಟ್ಕೊಂಡವ್ರೆ. ನಾನು ಹೆಂಗೂ ಫೋಟೋ ಇಲ್ದೇ ಇದ್ದೋನು" ಎಂದರು. ರಾಜಪಾರ್ಟಿನವರು ಹೀಗೆ ಮಾತಾಡಬಾರದು. ನನಗೆ ಅಳು ಬಂತು, ಜೊತೆಗೆ ಆ ಡಬ್ಬಿಯ ಮೇಲೆ ಮೊಟ್ಟಮೊದಲ ಬಾರಿಗೆ ಸಿಟ್ಟೂ ಬಂತು. ನಿಮ್ಮ ಫೋಟೋ ಇಲ್ಲದೆ ಈ ಅಂಗಡಿಯಿಂದ ಪೋಸ್ಟರು ಹೊರಗೆ ಹೋಗುವುದಿಲ್ಲ, ನಾಳೆ ಬನ್ನಿ ಎಂದು ಅವರನ್ನು ಬಸ್ಸು ಹತ್ತಿಸಿ, ಮತ್ತೆ ಮಂಜುವಿಗೆ ಫೋನ್ ಮಾಡಿದೆ.

ಈ ಸಲ ಅವನು ನಿಧಾನವಾಗಿ ಕೇಳಿದ. "ಅಕ್ಕ, ಬರೀ ಟೈಪ್ ಮಾಡ್ತಾ ಇದ್ರೆ ಆಫ್ ಆಯ್ತದಾ?"

"ಮೊದ್ಲು ಆಯ್ತಿರ್ಲಿಲ್ಲ. ದೊಡ್ಡ ಫೋಟೋ ತೆಗೆದ್ರೆ ಮಾತ್ರ ಆಯ್ತಿತ್ತು. ಈಗ ಎಲ್ಲದಕ್ಕೂ ಆಯ್ತದೆ."

"ಡಬ್ಬಿ ಮುಟ್ಟಿ ನೋಡು. ಬಿಸಿ ಐತಾ?"

"ಬಿಸಿ ಇರ್ದೆ ಇನ್ನೇನು? ಪಕ್ಕದಲ್ಲೇ ದೀಪ ಉರೀತಾ ಐತಲ್ಲ."

"ಯಾವ ದೀಪ?" ಎಂದ.

"ತುಪ್ಪದ ದೀಪ ಕಣೋ. ಎಣ್ಣೆದಲ್ಲ."

"ಅಕ್ಕ, ನೀನು ಏನನ್ನೂ ಮುಟ್ಬೇಡ. ನಾಳೆ ಬೆಳಿಗ್ಗೆ ನಾನೇ ಬತ್ತೀನಿ" ಎಂದು ಫೋನ್ ಇಟ್ಟ.

ಗುರುವಾರ ಅವನು ರಜೆ ಹಾಕಿ, ಹಾರೋಹಳ್ಳಿ ಮೇಲೆ ಬೈಕು ಓಡಿಸಿಕೊಂಡು ಬಂದ. ಕೆಂಪಣ್ಣ ಆಗಲೇ ಬಂದು ಕೂತಿದ್ದರು. ಮಂಜು ಅಂಗಡಿಯ ಬಾಗಿಲಲ್ಲೇ ನಿಂತು, ಹಾರ, ಸೇವಂತಿಗೆ, ಬ್ಲೌಸ್ ಪೀಸು, ದೀಪ ಎಲ್ಲವನ್ನೂ ಒಮ್ಮೆ ನೋಡಿ, "ಚಪ್ಪಲಿ ಬಿಟ್ಟು ಬರ್ಬೇಕಾ?" ಎಂದು ಕೇಳಿದ. ಅವನು ದೀಪ ಆರಿಸಿ, ಹಾರ ತೆಗೆದು, ಸ್ಕ್ರೂ ಬಿಚ್ಚಿ ಡಬ್ಬಿಯ ಪಕ್ಕದ ಬಾಗಿಲು ತೆಗೆದ. ಒಳಗಿನಿಂದ ಗಮ್ಮೆಂದು ವಾಸನೆ ಬಂತು, ಹಳೆಯ ಗುಡಿಯ ವಾಸನೆ. ಚೆಂಡುಹೂವಿನ ಒಣ ಎಸಳು, ಊದುಬತ್ತಿಯ ಬೂದಿ, ಕುಂಕುಮ, ಧೂಳು ಎಲ್ಲ ಸೇರಿ ಒಳಗಿನ ಪುಟ್ಟ ಫ್ಯಾನಿಗೆ ಕಂಬಳಿ ಹೊದಿಸಿದ ಹಾಗೆ ಮೆತ್ತಿಕೊಂಡಿತ್ತು. ನನ್ನ ಇಷ್ಟು ದಿನದ ಭಕ್ತಿಯೆಲ್ಲ ಅಲ್ಲಿ ಒಂದೆಡೆ ಸೇರಿತ್ತು.

"ಅಕ್ಕ, ಇದಕ್ಕೆ ಯಾವ ಕಾಯಿಲೆನೂ ಇಲ್ಲ. ಉಸಿರು ಕಟ್ಟೈತೆ, ಅಷ್ಟೇ" ಎಂದ ಮಂಜು. "ನೀನು ಹೂ ಸಿಗಿಸ್ತಿದ್ಯಲ್ಲ, ಆ ತೂತುಗಳೇ ಇದರ ಮೂಗಿನ ಹೊಳ್ಳೆ. ದೊಡ್ಡ ಫೋಟೋ ಕೆಲಸ ಅಂದ್ರೆ ಇದಕ್ಕೆ ಓಡಿದಂಗೆ, ಮೈ ಬಿಸಿ ಆಯ್ತದೆ. ಬಿಸಿ ಹೊರಗೆ ಹೋಗೋಕೆ ದಾರಿ ಇಲ್ಲ. ಸುಟ್ಟೋಗಬಾರ್ದು ಅಂತ ತಾನೇ ಆಫ್ ಆಗಿ ಸುಧಾರಿಸಿಕೊಳ್ತದೆ. ಇನ್ನು ಯಾವಾಗ ಹಿಂಗಾದ್ರೂ ಮೊದ್ಲು ಹಾರ ತೆಗಿ, ಗಾಳಿ ಬಿಡು."

ಕೆಂಪಣ್ಣ ಬಗ್ಗಿ ಒಳಗೆ ನೋಡಿ, "ಅಂಗಾರೆ ನನ್ ಮಖದ್ ದೋಷ ಅಲ್ಲ ಅನ್ನು" ಎಂದರು. ಅವರ ಮುಖ ಆಗ ಅರಳಿದ್ದನ್ನು ನಾನು ಮರೆಯಲಾರೆ. ನನಗೆ ನಾಚಿಕೆಯಾಯಿತು ನಿಜ, ಆದರೆ ನಾಚಿಕೆಗಿಂತ ಕಂಪ್ಯೂಟರಿನ ಮೇಲೆ ಗೌರವವೇ ಹೆಚ್ಚಾಯಿತು. ತಲೆ ಬಿಸಿಯಾದ ತಕ್ಷಣ ಯಾರಿಗೂ ಏನೂ ಅನ್ನದೆ ಸುಮ್ಮನಾಗಿ, ತಣ್ಣಗಾದ ಮೇಲೆ ಮತ್ತೆ ಕೆಲಸಕ್ಕೆ ಬರುವುದು! ನಮ್ಮ ಯಜಮಾನರಿಗೆ ಇಂಥದ್ದೊಂದು ವ್ಯವಸ್ಥೆ ಇದ್ದಿದ್ದರೆ ನಮ್ಮ ಸಂಸಾರ ಎಲ್ಲೋ ಇರುತ್ತಿತ್ತು. ಮಂಜು ಬ್ರಶ್ಶಿನಿಂದ ಗುಡಿಸಿ, ಗಾಳಿ ಊದಿ, ಒಳಗೆ ಬಿಸಿ ಎಳೆಯುವ ಮುಲಾಮು ಹೊಸದಾಗಿ ಹಚ್ಚಿ ಬಾಗಿಲು ಮುಚ್ಚಿದ. ತೆಗೆದ ಕಸ ಒಂದು ಮೊರ ತುಂಬಿತು. ಅದನ್ನು ಕಸದ ಬುಟ್ಟಿಗೆ ಹಾಕಲು ಮನಸ್ಸು ಬರದೆ ತುಳಸಿ ಗಿಡದ ಬುಡಕ್ಕೆ ಹಾಕಿದೆ.

ಆಮೇಲೆ ಮಂತ್ರಿ ಬಂದ, ಸೇನಾಪತಿ ಬಂದ, ಮಹಾರಾಜರೂ ಬಂದರು. ಹಿಂದಿನ ಪರದೆ ಕತ್ತರಿಸಿದೆ, ತಲೆಯ ಸುತ್ತ ಬೆಳಕು ಹಾಕಿದೆ, ದೊಡ್ಡದು ಮಾಡಿದೆ, ಇನ್ನೂ ದೊಡ್ಡದು ಮಾಡಿದೆ. ಮೂವರೂ ಉಸಿರು ಬಿಗಿಹಿಡಿದಿದ್ದೆವು. ಕಂಪ್ಯೂಟರ್ ಒಂದೇ ಆರಾಮವಾಗಿ ಉಸಿರಾಡುತ್ತಿತ್ತು. ಕತ್ತಿ ಎತ್ತಿ ನಿಂತ ತಮ್ಮನ್ನು ಕೆಂಪಣ್ಣ ಬಹಳ ಹೊತ್ತು ನೋಡಿದರು. ಆಮೇಲೆ ಪರದೆಯ ಮೇಲಿನ ರಾಜನಿಗೆ, ಅಭ್ಯಾಸಬಲದಿಂದಲೋ ಏನೋ, ಮೆಲ್ಲಗೆ "ಅಪ್ಪಣೆ ಮಹಾಪ್ರಭು" ಎಂದರು. ಮಂಜು ಆ ಕಡೆ ತಿರುಗಿಕೊಂಡು ಕಣ್ಣಿಗೆ ಧೂಳು ಬಿತ್ತು ಎಂದ. ಸಂಜೆಯ ಬಸ್ಸಿಗೆ ಪೋಸ್ಟರು ಉಯ್ಯಂಬಳ್ಳಿಗೆ ಹೋಯಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ನನ್ನ ಮಾನ ಒಂದಿಷ್ಟು ಉಳಿಯುತ್ತಿತ್ತು. ಶನಿವಾರ ಸಂಜೆ ನಾಟಕ ಶುರುವಾಗುವ ಮೊದಲು, ಪೋಸ್ಟರು ಮಾಡಿಕೊಟ್ಟಿದ್ದಕ್ಕೆ, ನನಗೆ ಉಯ್ಯಂಬಳ್ಳಿಯಲ್ಲಿ ಸನ್ಮಾನ ಇಟ್ಟಿದ್ದರು. ಬೇಡವೆಂದರೂ ಕೆಂಪಣ್ಣ ಕೇಳಲಿಲ್ಲ. ಯಜಮಾನರೊಂದಿಗೆ ಹೋದೆ. ಊರ ಬಾಗಿಲಲ್ಲೇ ಕೆಂಪಣ್ಣನ ಪೋಸ್ಟರು, ಆಳೆತ್ತರ. ಸ್ಕೂಲಿನ ಮೈದಾನದಲ್ಲಿ ಸ್ಟೇಜು, ತುಂಬಿದ ಜನ, ಕಣ್ಣು ಕುಕ್ಕುವ ಲೈಟು. ನನ್ನನ್ನು ನಡುವಿನ ಕುರ್ಚಿಯಲ್ಲಿ ಕೂರಿಸಿ ಶಾಲು ಹೊದಿಸಿದರು. ಶಾಲಿನ ಮೇಲೆ ಮಂತ್ರಿ ಪಾರ್ಟಿನವರದೊಂದು ಶಾಲು. ತಲೆಗೆ ಪೇಟ. ಕೊರಳಿಗೆ ಚೆಂಡುಹೂವಿನ ಹಾರ, ಮೂಗಿನವರೆಗೆ ಬಂತು. ಹಾಲಿನ ಡೇರಿಯವರದೂ ಒಂದು ಹಾರ, ಕಣ್ಣಿನವರೆಗೆ ಬಂತು. ತೊಡೆಯ ಮೇಲೆ ಹಣ್ಣಿನ ತಟ್ಟೆ, ಎದುರಿಗೆ ಯಾರೋ ಒಂದು ಕಟ್ಟು ಊದುಬತ್ತಿ ಹಚ್ಚಿಟ್ಟರು. ಮೇಷ್ಟ್ರು ಮೈಕು ಹಿಡಿದು ನನ್ನನ್ನು ಹೊಗಳಲು ಶುರುಮಾಡಿದರು. ಎಂಥ ಭಕ್ತಿ, ಎಂಥ ಪ್ರೀತಿ ಆ ಜನರದು! ಮೈಯೆಲ್ಲ ಬೆವರು, ಲೈಟಿನ ಬಿಸಿ ನೆತ್ತಿಗೆ, ಉಸಿರಾಡಲು ಎಲ್ಲೂ ಸಂದಿಲ್ಲ. ಹಾರ ತೆಗೆಯೋಣವೆಂದರೆ ಮರ್ಯಾದೆಯಲ್ಲ. ಒಂದು ಮಾತೂ ಆಡದೆ ಇಷ್ಟನ್ನೂ ಸಹಿಸಿಕೊಂಡಿದ್ದ ನನ್ನ ಕಪ್ಪು ಡಬ್ಬಿಯ ನೆನಪಾಗಿ ಎದೆ ತುಂಬಿ ಬಂತು. ಅಷ್ಟು ಹೊತ್ತಿಗೆ ಮೇಷ್ಟ್ರು ನನ್ನ ಬಾಲ್ಯಕ್ಕೆ ಬಂದಿದ್ದರು. ಟಪ್ ಎಂದು ಎಲ್ಲವೂ ಕಪ್ಪಾಯಿತು.

ಮುಂದಿನದನ್ನು ಬೇರೆಯವರು ಹೇಳಿದ್ದು. ಮುಂದಿನ ಸಾಲಿನಲ್ಲಿ ಕೂತಿದ್ದ ನಮ್ಮ ಯಜಮಾನರು ಸ್ಟೇಜಿನ ಮೇಲೆ ಹಾರಿ, ತಮಗೆ ಗೊತ್ತಿರುವ ಒಂದೇ ದುರಸ್ತಿಯನ್ನು ಮಾಡಲು ಕೈ ಎತ್ತಿದರಂತೆ. ಪರದೆಯ ಹಿಂದಿನಿಂದ ಕಿರೀಟ, ಕತ್ತಿ ಸಮೇತ ನುಗ್ಗಿ ಬಂದ ಮಹಾರಾಜರು ಆ ಕೈಯನ್ನು ಗಪ್ಪನೆ ಹಿಡಿದು, "ಬಡೀಬ್ಯಾಡಿ ಸಾ! ಲೇ, ಹಾರ ತೆಗೀರ್ಲಾ! ಶಾಲು ತೆಗೀರಿ! ಒಸಿ ಗಾಳಿ ಬುಡ್ರೋ, ಅವ್ವ ಬಿಸಿ ಆಗವ್ಳೆ!" ಎಂದು ಆ ಕಂಠದಲ್ಲಿ ಗುಡುಗಿದರಂತೆ. ನಾನು ಕಣ್ಣು ಬಿಟ್ಟಾಗ ಹಾರಗಳು ಪಕ್ಕದಲ್ಲಿದ್ದವು, ಕೆಂಪಣ್ಣ ತಮ್ಮ ಎಂದಿನ ಟವಲಿನಿಂದ ನನಗೆ ಗಾಳಿ ಬೀಸುತ್ತಿದ್ದರು, ಇಡೀ ಉಯ್ಯಂಬಳ್ಳಿ ಎದ್ದು ನಿಂತು ನನ್ನನ್ನೇ ನೋಡುತ್ತಿತ್ತು. ಮಹಾರಾಜರು ನನ್ನ ಹಣೆ ಮುಟ್ಟಿ ನೋಡಿ, ಮೈಕಿನ ಕಡೆ ತಿರುಗಿ ಪ್ರಜೆಗಳಿಗೆ ಹೇಳಿದರು:

"ಏನಿಲ್ಲ, ಎಲ್ಲಾ ಕೂತ್ಕಳಿ. ಆನ್ ಆದ್ರು."